ನೆರವು ನಿಧಿ ಇದೆ, ಕೇಳುವವರು ಬರುತ್ತಿಲ್ಲ: ಹಸಿದ ವಿದ್ಯಾರ್ಥಿಯನ್ನು ತಲುಪುವುದು ಹೇಗೆ?

ಉಪನ್ಯಾಸಕಿ

ನಮ್ಮ ಕಾಲೇಜಿನಲ್ಲಿ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆಂದು ಒಂದು ನೆರವು ನಿಧಿ ಇದೆ. ಊಟ, ಬಾಡಿಗೆ, ಪುಸ್ತಕ, ಪ್ರಯಾಣ, ಇವುಗಳಲ್ಲಿ ಯಾವುದಕ್ಕೆ ತೊಂದರೆಯಾದರೂ ಅದರಿಂದ ಹಣ ಪಡೆಯಬಹುದು. ಆದರೆ ಅರ್ಜಿಗಳು ಬರುವುದೇ ಅಪರೂಪ. ನಮ್ಮ ವಿದ್ಯಾರ್ಥಿಗಳಿಗೆ ಅಂಥ ಕೊರತೆಯೇನೂ ಇದ್ದಂತಿಲ್ಲ, ಆ ಹಣವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳೋಣ ಎಂಬ ಮಾತು ಈಗ ಆಡಳಿತದವರ ಕಡೆಯಿಂದ ಬಂದಿದೆ.

ತರಗತಿಯಲ್ಲಿ ನನಗೆ ಕಾಣುತ್ತಿರುವುದೇ ಬೇರೆ. ಊಟದ ವಿರಾಮದಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ನೀರಿನ ಬಾಟಲಿ ತುಂಬಿಸಿಕೊಂಡು ಬಂದು ಮತ್ತೆ ಪುಸ್ತಕ ತೆರೆದು ಕೂರುವವರಿದ್ದಾರೆ. ಮಧ್ಯಾಹ್ನದ ಪ್ರಯೋಗಾಲಯದಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡೇ ನಿಲ್ಲುವ ಒಬ್ಬನನ್ನು ಕೇಳಿದರೆ “ಹಸಿವಿಲ್ಲ” ಎನ್ನುತ್ತಾನೆ. ಬಾಡಿಗೆ ಕಟ್ಟಿದ ಮೇಲೆ ತಿಂಗಳ ಕೊನೆಗೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವನ ಗೆಳೆಯನಿಂದ ತಿಳಿಯಿತು.

ಅರ್ಜಿ ಬರಲಿಲ್ಲ ಎಂದ ಮಾತ್ರಕ್ಕೆ ಅಗತ್ಯವೇ ಇಲ್ಲ ಎನ್ನಬಹುದೇ? ಇಲ್ಲವೆಂದಾದರೆ ಅದನ್ನು ತೋರಿಸಿಕೊಡುವುದು ಹೇಗೆ? ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಇಂಥ ಕೆಲಸ ಮಾಡಿದವರು, ಇಂಥ ನೆರವು ಪಡೆದವರು ದಯವಿಟ್ಟು ಬರೆಯಿರಿ.

ನೇರನುಡಿ

ನಿಮ್ಮ ಕಾಳಜಿಯನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ಕಾಲೇಜು ಇರುವುದು ಪಾಠ ಹೇಳಲು. ಊಟ, ಮನೆ, ಬಟ್ಟೆ, ಆರೋಗ್ಯ ಎಲ್ಲವನ್ನೂ ಕಾಲೇಜಿನ ತಲೆಗೇ ಕಟ್ಟಿದರೆ ಪಾಠಕ್ಕೆಂದು ಇರುವ ಹಣವೂ ಸಮಯವೂ ಕರಗುತ್ತವೆ. ಇವು ಸರ್ಕಾರ ಮತ್ತು ಕುಟುಂಬ ನೋಡಿಕೊಳ್ಳಬೇಕಾದ ಹೊಣೆಗಳು. ನಿಧಿ ಇಟ್ಟಿದ್ದೀರಿ, ಬಾಗಿಲು ತೆರೆದಿದೆ. ಬೇಕಾದವರು ಬರಬೇಕು, ವಯಸ್ಕರಾದವರು ಬಾಯಿ ಬಿಟ್ಟು ಕೇಳಬೇಕು.

ಹಳೆಯ ವಿದ್ಯಾರ್ಥಿ

ನೇರನುಡಿಯವರೇ, ಆ ಬಾಗಿಲಿನ ಮುಂದೆ ನಿಂತು ಹಿಂದಿರುಗಿದವನು ನಾನು, ಆದ್ದರಿಂದ ಅದು ಎಷ್ಟು ತೆರೆದಿರುತ್ತದೆ ಎಂದು ಹೇಳಬಲ್ಲೆ. ನಾನು ಓದಿದ ಕಾಲೇಜಿನ ಅರ್ಜಿ ನಾಲ್ಕು ಪುಟದ್ದಾಗಿತ್ತು. ಕುಟುಂಬದ ಆದಾಯಕ್ಕೆ ದಾಖಲೆ, ಇಬ್ಬರು ಅಧ್ಯಾಪಕರ ಸಹಿ, ಕೊನೆಗೆ “ನಿಮ್ಮ ಕಷ್ಟವನ್ನು ವಿವರಿಸಿ” ಎಂಬ ಖಾಲಿ ಜಾಗ. ಅದನ್ನು ಗುಮಾಸ್ತರ ಕಿಟಕಿಯಲ್ಲಿ ಕೊಡಬೇಕಿತ್ತು, ಹಿಂದೆ ಸಾಲಿನಲ್ಲಿ ನಿಂತಿರುವವರು ನಮ್ಮ ತರಗತಿಯವರೇ. ಕಿಟಕಿಯವರು “ಯಾವುದಕ್ಕೆ?” ಎಂದು ಗಟ್ಟಿಯಾಗಿ ಕೇಳಿದಾಗ ನಾನು ಶುಲ್ಕದ ರಸೀದಿಯ ನಕಲು ಬೇಕಿತ್ತು ಎಂದು ಹೇಳಿ ಹೊರಟುಬಂದೆ.

ಮನೆಯವರ ಆದಾಯದ ದಾಖಲೆ ಕೇಳುವ ನಿಯಮವನ್ನು ಮಾಡಿದವರಿಗೆ, ಮನೆಯವರೊಡನೆ ಸಂಬಂಧವೇ ಕಡಿದುಹೋಗಿರುವ ವಿದ್ಯಾರ್ಥಿಗಳಿರುತ್ತಾರೆ ಎಂಬುದು ಹೊಳೆದಿರಲಾರದು. ತಂದೆಯೊಡನೆ ಮಾತು ಬಿಟ್ಟು ಮನೆಯಿಂದ ಹೊರಬಿದ್ದವನು ಅದೇ ತಂದೆಯ ಸಹಿಯನ್ನು ಎಲ್ಲಿಂದ ತರಬೇಕು? ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವವನೇ ಮೊದಲ ಪುಟದಲ್ಲಿ ಅನರ್ಹನಾಗುತ್ತಾನೆ.

ಅಂಕಿಅಂಶ

ಅರ್ಜಿಗಳ ಸಂಖ್ಯೆಯಿಂದ ಅಗತ್ಯವನ್ನು ಅಳೆಯಲಾಗದು ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಗೌರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ 2018ರಲ್ಲಿ ಕಾಲೇಜು ವಿದ್ಯಾರ್ಥಿಗಳ ಹಸಿವಿನ ಬಗ್ಗೆ ಅದುವರೆಗೆ ನಡೆದಿದ್ದ 31 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 22 ಅಧ್ಯಯನಗಳು ಶೇ. 30ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಆಹಾರದ ಅಭದ್ರತೆ, ಎಂದರೆ ಹಣದ ಕೊರತೆಯಿಂದ ಸಾಕಷ್ಟು ಊಟ ಸಿಗುವ ಖಾತ್ರಿ ಇಲ್ಲದ ಸ್ಥಿತಿ, ಇದೆ ಎಂದಿದ್ದವು. ಆದರೆ ಅವುಗಳಲ್ಲಿ ಯಾವುದೂ ಇಡೀ ದೇಶವನ್ನು ಪ್ರತಿನಿಧಿಸುವ ಸಮೀಕ್ಷೆಯಾಗಿರಲಿಲ್ಲ. ಆಮೇಲೆ ರಾಷ್ಟ್ರಮಟ್ಟದ ಮಾಹಿತಿ ದೊರೆತಾಗ ಅದೇ ಸಂಸ್ಥೆ 2024ರ ವರದಿಯಲ್ಲಿ, 2020ರ ಹೊತ್ತಿಗೆ ಶೇ. 23ರಷ್ಟು, ಎಂದರೆ ಸುಮಾರು 38 ಲಕ್ಷ ವಿದ್ಯಾರ್ಥಿಗಳು ಈ ಸ್ಥಿತಿಯಲ್ಲಿದ್ದರು ಎಂದು ತಿಳಿಸಿತು.

ಉಪನ್ಯಾಸಕಿಯವರು ಆಡಳಿತದವರಿಗೆ ತೋರಿಸಬೇಕಾದದ್ದು ಇದರ ಮುಂದಿನ ಭಾಗವನ್ನು. ಸರ್ಕಾರದ ಆಹಾರ ನೆರವಿಗೆ ಅರ್ಹರಾಗಿರಬಹುದಾದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಪಡೆಯುತ್ತಿರಲಿಲ್ಲ ಎಂದು ಎರಡೂ ವರದಿಗಳು ಹೇಳುತ್ತವೆ.

ನೇರನುಡಿ

ಅಮೆರಿಕದ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲ.

ಅಂಕಿಅಂಶ

ಶೇಕಡಾವಾರು ಹೊಂದಬೇಕಾಗಿಲ್ಲ, ಒಪ್ಪುತ್ತೇನೆ. ಅರ್ಹರು ಕೇಳುವುದಿಲ್ಲ ಎಂಬ ನಡವಳಿಕೆ ಹೊಂದುತ್ತದೆ, ಅದರ ಕಾರಣವನ್ನು ಹಳೆಯ ವಿದ್ಯಾರ್ಥಿಯವರು ಈಗಷ್ಟೇ ಬರೆದಿದ್ದಾರೆ. ಸ್ವಂತ ಕಾಲೇಜಿನ ಲೆಕ್ಕವೇ ಬೇಕೆಂದರೆ ಅದೂ ಕಷ್ಟವಲ್ಲ. ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿರುವ ಆರು ಪ್ರಶ್ನೆಗಳ ಸಂಕ್ಷಿಪ್ತ ಪ್ರಶ್ನಾವಳಿಯನ್ನು ಸಂಶೋಧಕರು ಹಲವು ಕಾಲೇಜುಗಳಲ್ಲಿ ಬಳಸಿದ್ದಾರೆ. ಕೊಂಡ ಆಹಾರ ಸಾಲದೆ ಹೋಯಿತೇ, ಹಣವಿಲ್ಲದೆ ಒಂದು ಹೊತ್ತಿನ ಊಟ ಬಿಟ್ಟಿರಾ ಅಥವಾ ಕಡಿಮೆ ಉಂಡಿರಾ, ಹಸಿವಿದ್ದರೂ ಉಣ್ಣದೆ ಇದ್ದಿರಾ ಎಂಬ ರೀತಿಯ ಪ್ರಶ್ನೆಗಳು. ಹೆಸರು ಕೇಳದೆ, ತರಗತಿಯಲ್ಲಿ ಪಕ್ಕದವರ ಕಣ್ಣೆದುರು ತುಂಬಿಸದೆ, ಮೊಬೈಲಿನಲ್ಲಿ ಉತ್ತರಿಸಲು ಬಿಡಿ. “ನೀವು ಬಡವರೇ?” ಎಂದು ಮಾತ್ರ ಎಂದಿಗೂ ಕೇಳಬೇಡಿ, ಆ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ.

ಗ್ರಂಥಪಾಲಕ

ಎಲ್ಲರೂ ಊಟದ ಬಗ್ಗೆ ಬರೆಯುತ್ತಿದ್ದೀರಿ. ವಸತಿಯ ಕಷ್ಟ ಇನ್ನೂ ಆಳದಲ್ಲಿ ಅಡಗಿರುತ್ತದೆ, ಅದು ಮೊದಲು ಕಾಣಿಸುವುದು ನಮ್ಮಂಥವರಿಗೆ. ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಬಂದು ಕಾಯುವವರು, ಎಲ್ಲ ಸಾಮಾನನ್ನೂ ಒಂದೇ ಚೀಲದಲ್ಲಿ ಹೊತ್ತು ತಿರುಗುವವರು, ಶೌಚಾಲಯದಲ್ಲಿ ಹಲ್ಲುಜ್ಜಿ ಒದ್ದೆ ಕೂದಲಿನಲ್ಲಿ ಹೊರಬರುವವರು, ಮುಚ್ಚುವ ಗಂಟೆ ಬಾರಿಸಿದಾಗ ಎಲ್ಲರಿಗಿಂತ ಕೊನೆಗೆ ಏಳುವವರು. ಇವರು ಬೀದಿಯಲ್ಲಿ ಮಲಗುತ್ತಿಲ್ಲ, ಆದ್ದರಿಂದ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಇವತ್ತು ಒಬ್ಬ ಗೆಳೆಯನ ಕೋಣೆ, ನಾಳೆ ಇನ್ನೊಬ್ಬರ ಮನೆಯ ಜಗಲಿ. ಬಾಡಿಗೆಯ ಮುಂಗಡ ಹೊಂದಿಸಲಾಗದೆ, ಇಲ್ಲವೇ ಜಾಮೀನಿಗೆ ನಿಲ್ಲುವವರಿಲ್ಲದೆ ಹೀಗಾಗಿರುತ್ತದೆ.

ಕೇಳಿದರೆ “ಗೆಳೆಯರ ಜತೆ ಇದ್ದೇನೆ” ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಶಾಲಾ ಮಕ್ಕಳ ವಿಷಯದಲ್ಲಿ ಅಮೆರಿಕದ ಮೆಕ್‌ಕಿನ್ನಿ-ವೆಂಟೊ ಕಾನೂನು, ಮನೆ ಕಳೆದುಕೊಂಡು ಅಥವಾ ಹಣದ ಅಡಚಣೆಯಿಂದ ಬೇರೆಯವರ ಮನೆಯಲ್ಲಿ ಆಶ್ರಯ ಪಡೆದವರನ್ನೂ ವಸತಿಹೀನರೆಂದೇ ಎಣಿಸುತ್ತದೆ. ಕಾಲೇಜುಗಳೂ ಹಾಗೆಯೇ ಎಣಿಸಬೇಕು. “ನಿಮಗೆ ಮನೆ ಇದೆಯೇ?” ಎನ್ನುವ ಬದಲು “ಮುಂದಿನ ಹದಿನೈದು ದಿನ ಎಲ್ಲಿ ಮಲಗುತ್ತೀರಿ ಎಂಬುದು ನಿಮಗೆ ಖಚಿತವಿದೆಯೇ?” ಎಂದು ಕೇಳಿ ನೋಡಿ.

ಲೆಕ್ಕಪತ್ರ

ನಾನು ಇಂಥ ನಿಧಿಯ ಲೆಕ್ಕ ನೋಡಿಕೊಳ್ಳುವವನು. ದಾಖಲೆ ಕೇಳದೆ ಹಣ ಕೊಟ್ಟರೆ ಲೆಕ್ಕ ಪರಿಶೋಧಕರಿಗೆ ಉತ್ತರ ಹೇಳಬೇಕಾದವರು ನಾವು. ಸುಳ್ಳು ಹೇಳಿ ಪಡೆಯುವವರೂ ಇರುತ್ತಾರಲ್ಲವೇ? ದಾನಿಗಳ ಹಣ ಪೋಲಾದರೆ ಮರುವರ್ಷ ಅವರು ಕೊಡುತ್ತಾರೆಯೇ?

ಕಪಾಟು

ಲೆಕ್ಕಪತ್ರದವರೇ, ಎಲ್ಲದಕ್ಕೂ ಒಂದೇ ಅಳತೆ ಬೇಡ. ಬಾಡಿಗೆಯ ಬಾಕಿಯಂಥ ದೊಡ್ಡ ಮೊತ್ತಕ್ಕೆ ಬಾಡಿಗೆಯ ಕರಾರು ಪತ್ರ ಕೇಳಿ, ಹಣವನ್ನು ನೇರವಾಗಿ ಮನೆ ಮಾಲೀಕರಿಗೇ ಪಾವತಿಸಿ. ಒಂದು ಚೀಲ ದಿನಸಿಗೆ ಗುರುತಿನ ಚೀಟಿಯ ಸಂಖ್ಯೆ ಸಾಕು. ಆ ಚೀಲಕ್ಕಾಗಿ ಸುಳ್ಳು ಹೇಳುವವನಿಂದ ಆಗುವ ನಷ್ಟಕ್ಕಿಂತ ಅವನನ್ನು ಹಿಡಿಯಲು ನೇಮಿಸುವ ಗುಮಾಸ್ತನ ಸಂಬಳವೇ ಹೆಚ್ಚಾಗುತ್ತದೆ.

ವಿದ್ಯಾರ್ಥಿಗಳೇ ನಡೆಸುವ ಆಹಾರ ಭಂಡಾರದಲ್ಲಿ ನಾನು ಕೆಲಸ ಮಾಡಿದ್ದೇನೆ. ಈ ಬಗೆಯದು ಹೊಸ ಯೋಚನೆಯೇನಲ್ಲ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1993ರಲ್ಲೇ ವಿದ್ಯಾರ್ಥಿಗಳಿಗಾಗಿ ಆಹಾರ ಬ್ಯಾಂಕ್ ತೆರೆದರು. ನಮ್ಮಲ್ಲಿ ಮೊದಲು ಸಿಕ್ಕಿದ್ದು ಮುಖ್ಯ ಕಟ್ಟಡದ ನಡುವೆ, ಗಾಜಿನ ಬಾಗಿಲಿನ ಕೋಣೆ. ಒಳಗೆ ಯಾರಿದ್ದಾರೆ ಎಂಬುದು ಹಾದುಹೋಗುವವರಿಗೆಲ್ಲ ಕಾಣುತ್ತಿತ್ತು, ಹೀಗಾಗಿ ಜನ ಬರಲಿಲ್ಲ. ಲೇಖನ ಸಾಮಗ್ರಿ ಮತ್ತು ಪಠ್ಯಪುಸ್ತಕ ಎರವಲು ಕೊಡುವ ಕೋಣೆಗೆ ಅದನ್ನು ಸ್ಥಳಾಂತರಿಸಿದೆವು, ಹೆಸರೂ ಗುರುತೂ ಇಲ್ಲದ ಸಾಧಾರಣ ಚೀಲಗಳನ್ನು ಇಟ್ಟೆವು. ಅಲ್ಲಿಗೆ ಯಾರು ಯಾವುದಕ್ಕೆ ಬಂದರು ಎಂದು ಹೇಳುವಂತಿಲ್ಲ. ಬರುವವರು ತಾವಾಗಿಯೇ ಹೆಚ್ಚಿದರು.

ದಾನಿಗಳ ಬಗ್ಗೆಯೂ ಒಂದು ಮಾತು. ಹಸಿದವರಿಗೆ ಏನಾದರೇನು ಎಂಬ ಧೋರಣೆಯಿಂದ, ಅವಧಿ ಮುಗಿಯುತ್ತಿರುವ ಪೊಟ್ಟಣಗಳನ್ನು ತಂದು ಸುರಿಯುವವರಿದ್ದಾರೆ. ಪಡೆಯುವವನಿಗೆ ಒಲೆ ಇದೆಯೇ, ಪಾತ್ರೆ ಇದೆಯೇ, ಡಬ್ಬಿ ತೆರೆಯುವ ಸಾಧನವಾದರೂ ಇದೆಯೇ ಎಂದು ಯಾರೂ ಯೋಚಿಸುವುದಿಲ್ಲ. ಗ್ರಂಥಪಾಲಕರು ಹೇಳಿದ ವಿದ್ಯಾರ್ಥಿಗೆ ಹತ್ತು ಕಿಲೋ ಧಾನ್ಯ ಕೊಟ್ಟರೆ ಅವನು ಅದನ್ನು ಯಾರ ಮನೆಯಲ್ಲಿ ಬೇಯಿಸಬೇಕು? ಬೇಯಿಸದೆ ತಿನ್ನಬಹುದಾದವು ಒಂದು ಕಪಾಟಿನಲ್ಲಿ, ಬೇಯಿಸಬೇಕಾದವು ಇನ್ನೊಂದರಲ್ಲಿ ಇರಲಿ. ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ. ಕಟ್ಟಿಟ್ಟ ಚೀಲಕ್ಕಿಂತ ಆರಿಸಿಕೊಳ್ಳುವ ಕಪಾಟಿನಲ್ಲಿ ವ್ಯರ್ಥವಾಗುವುದು ಕಡಿಮೆ ಎಂಬುದು ನಮ್ಮ ಅನುಭವ.

ತಾಯಿಯೂ ವಿದ್ಯಾರ್ಥಿನಿಯೂ

ಆ ಕಪಾಟಿನಲ್ಲಿ ಸೋಪು, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಕೂಡ ಇರಲಿ. ನಾನು ಮಗುವನ್ನು ಕಟ್ಟಿಕೊಂಡು ಓದುತ್ತಿರುವವಳು. ನನ್ನ ಊಟವನ್ನು ಹೇಗೋ ಸರಿದೂಗಿಸಿಕೊಳ್ಳುತ್ತೇನೆ, ಆದರೆ ಮಗುವನ್ನು ನೋಡಿಕೊಳ್ಳುವವರು ಸಿಗದ ದಿನ ತರಗತಿ ತಪ್ಪುತ್ತದೆ, ತರಗತಿ ತಪ್ಪಿದರೆ ಹಾಜರಾತಿ ಸಾಲದಾಗುತ್ತದೆ, ಹಾಜರಾತಿ ಸಾಲದಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಮೂಲಭೂತ ಅಗತ್ಯ ಎಂದಾಗ ಜನರ ಮನಸ್ಸಿಗೆ ಹದಿನೆಂಟರ ಹುಡುಗನೇ ಬರುತ್ತಾನೆ. ಬ್ರೆಜಿಲ್‌ ದೇಶ ತನ್ನ ಒಕ್ಕೂಟ ಸರ್ಕಾರದ ವಿಶ್ವವಿದ್ಯಾಲಯಗಳಿಗಾಗಿ 2010ರಲ್ಲಿ ಹೊರಡಿಸಿದ ವಿದ್ಯಾರ್ಥಿ ನೆರವಿನ ಆದೇಶದಲ್ಲಿ ವಸತಿ, ಆಹಾರ, ಸಾರಿಗೆ, ಆರೋಗ್ಯದ ಜತೆಗೆ ಶಿಶುಪಾಲನೆಯನ್ನೂ ಹೆಸರಿಸಿ ಸೇರಿಸಿದೆ. 2024ರಲ್ಲಿ ಅದು ಕಾನೂನೇ ಆಯಿತು.

ಸಂಜೆ ತರಗತಿ

ಹತ್ತರಿಂದ ನಾಲ್ಕರವರೆಗೆ ಮಾತ್ರ ತೆರೆದಿರುವ ಕಚೇರಿಯಿಂದ ನಮಗೆ ಪ್ರಯೋಜನವಿಲ್ಲ. ನಾವು ಕೆಲಸ ಮುಗಿಸಿ ಕಾಲೇಜಿಗೆ ಬರುವಷ್ಟರಲ್ಲಿ ಎಲ್ಲ ಕಿಟಕಿಗಳೂ ಮುಚ್ಚಿರುತ್ತವೆ, ಕ್ಯಾಂಟೀನಿನಲ್ಲಿ ಏನೂ ಉಳಿದಿರುವುದಿಲ್ಲ.

ದೂರದ ಓದುಗ

ಲೆಕ್ಕಪತ್ರದವರು ಮತ್ತು ನೇರನುಡಿಯವರು ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಉದಾಹರಣೆಯನ್ನು ನೋಡಬೇಕು. ಪದವಿಗೆ ಹತ್ತಿರವಾಗಿದ್ದ ವಿದ್ಯಾರ್ಥಿಗಳೂ ಸಣ್ಣಪುಟ್ಟ ಶುಲ್ಕದ ಬಾಕಿಯಿಂದಾಗಿ ನೋಂದಣಿ ರದ್ದಾಗಿ ಓದು ಬಿಡುತ್ತಿರುವುದನ್ನು ಆ ವಿಶ್ವವಿದ್ಯಾಲಯ ತನ್ನದೇ ದಾಖಲೆಗಳಲ್ಲಿ ಕಂಡುಕೊಂಡು, 2011ರಿಂದ ಸಣ್ಣ ಮೊತ್ತದ ಅನುದಾನ ಕೊಡತೊಡಗಿತು. ಅಲ್ಲಿ ವಿದ್ಯಾರ್ಥಿ ಅರ್ಜಿ ಹಾಕಬೇಕಿಲ್ಲ. ಯಾರ ಬಾಕಿ ಎಷ್ಟಿದೆ, ಯಾರ ಓದು ಸರಿಯಾಗಿ ಸಾಗಿದೆ ಎಂಬುದು ಸಂಸ್ಥೆಯ ಕಡತದಲ್ಲೇ ಇರುವುದರಿಂದ ಸಂಸ್ಥೆಯೇ ಅವರನ್ನು ಗುರುತಿಸಿ ಸಂಪರ್ಕಿಸುತ್ತದೆ. ಓದು ಬಿಡಬೇಕಿದ್ದವನು ಉಳಿದುಕೊಂಡರೆ ಅವನ ಮುಂದಿನ ಶುಲ್ಕವೂ ಸಂಸ್ಥೆಗೆ ಬರುತ್ತದೆ, ಆದ್ದರಿಂದ ಇದು ಬರೀ ಕರುಣೆಯ ಲೆಕ್ಕವಲ್ಲ.

ನಿಮ್ಮ ಕಾಲೇಜಿನ ಕಡತದಲ್ಲೂ ಇಂಥ ಸುಳಿವುಗಳು ಖಂಡಿತ ಇರುತ್ತವೆ. ಶುಲ್ಕದ ಕಂತು ತಪ್ಪಿದವರು, ಹಾಜರಾತಿ ಏಕಾಏಕಿ ಕುಸಿದವರು, ವಿಳಾಸ ಪದೇ ಪದೇ ಬದಲಾಯಿಸಿದವರು. ಇವರಿಗೆ ಎಚ್ಚರಿಕೆಯ ಪತ್ರ ಕಳಿಸುವ ಬದಲು, ಯಾರಾದರೂ ಕರೆ ಮಾಡಿ “ಹೇಗಿದ್ದೀರಿ, ಏನು ಬೇಕಿತ್ತು?” ಎಂದು ಕೇಳಿದರೆ ನಿಮ್ಮ ನಿಧಿ ಹೀಗೆ ಬಿದ್ದಿರುವುದಿಲ್ಲ.

ಲೆಕ್ಕಪತ್ರ

ಇದು ಲೆಕ್ಕ ಪರಿಶೋಧಕರಿಗೂ ಒಪ್ಪಿಗೆಯಾಗುವ ಕ್ರಮ. ದಾಖಲೆ ನಮ್ಮ ಬಳಿಯೇ ಇದೆ, ವಿದ್ಯಾರ್ಥಿಯಿಂದ ಕೇಳಬೇಕಾದದ್ದೇನೂ ಇಲ್ಲ. ಆದರೆ ವಿಳಾಸ, ಹಾಜರಾತಿಗಳನ್ನು ಯಾರು ನೋಡಬಹುದು ಎಂಬುದಕ್ಕೆ ಮಿತಿ ಇರಲಿ. ಈ ಪಟ್ಟಿ ಅಧ್ಯಾಪಕರ ಕೊಠಡಿಯಲ್ಲಿ ಹರಿದಾಡಿದರೆ ಅದರಿಂದಾಗುವ ಅವಮಾನ ಹಸಿವಿಗಿಂತ ಕಡಿಮೆಯದಲ್ಲ.

ಹಳೆಯ ವಿದ್ಯಾರ್ಥಿ

ಈ ಮಾತಿಗೆ ನನ್ನ ಪೂರ್ಣ ಸಹಮತ.

ಒಂದೇ ಪಂಕ್ತಿ

ಭಂಡಾರ, ಚೀಲ, ಪಟ್ಟಿ ಎಂದೆಲ್ಲ ಇಷ್ಟು ಚರ್ಚಿಸುತ್ತಿದ್ದೇವೆ, ಎಲ್ಲರಿಗೂ ಅಗ್ಗದ ಊಟ ಸಿಗುವಂತೆ ಮಾಡಿದರೆ ಇದರಲ್ಲಿ ಅರ್ಧ ಚರ್ಚೆಯೇ ಬೇಕಿಲ್ಲ. ಫ್ರಾನ್ಸಿನಲ್ಲಿ ಕ್ರೂಸ್ ಎಂಬ ಸಾರ್ವಜನಿಕ ಸಂಸ್ಥೆಗಳು ವಿದ್ಯಾರ್ಥಿಗಳ ಭೋಜನಾಲಯಗಳನ್ನು ನಡೆಸುತ್ತವೆ. 2020ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿವೇತನ ಪಡೆಯುವವರಿಗೆ ಅಲ್ಲಿ ಒಂದು ಯೂರೋಗೆ ಊಟ ಆರಂಭವಾಯಿತು, ಕೋವಿಡ್ ಕಾಲದ ಸಂಕಷ್ಟ ಹೆಚ್ಚಿದಾಗ 2021ರ ಜನವರಿಯಲ್ಲಿ ಅದನ್ನು ಎಲ್ಲ ವಿದ್ಯಾರ್ಥಿಗಳಿಗೂ ವಿಸ್ತರಿಸಿದರು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಊಟ ಉಣ್ಣುವಾಗ ಯಾರು ಉಳ್ಳವರು, ಯಾರು ಇಲ್ಲದವರು ಎಂಬ ಪ್ರಶ್ನೆ ಏಳುವುದಿಲ್ಲ, ಯಾರಿಗೂ ಯಾರ ಹಂಗೂ ಇರುವುದಿಲ್ಲ.

ಕಪಾಟು

ಒಪ್ಪುತ್ತೇನೆ, ಆದರೆ ಅದು ಸರ್ಕಾರದ ಕೈ ಸೇರಿದಾಗ ಆಗುವ ಕೆಲಸ. ಅಲ್ಲಿಯವರೆಗೆ ಕಾಲೇಜಿನ ಕೈಯಲ್ಲಾಗುವ ಮಧ್ಯದ ದಾರಿಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಆವರಣದಲ್ಲಿ 2010ರಲ್ಲಿ ಆರಂಭವಾದ ಸ್ವೈಪ್ ಔಟ್ ಹಂಗರ್ ಸಂಘಟನೆ, ಮುಂಗಡವಾಗಿ ಹಣ ಕಟ್ಟಿ ಬಳಸದೆ ಉಳಿದ ಊಟಗಳನ್ನು ಇತರ ವಿದ್ಯಾರ್ಥಿಗಳಿಗೆ ಕೊಡುವ ವ್ಯವಸ್ಥೆ ಮಾಡಿತು. ಆ ಊಟವನ್ನು ಪಡೆಯುವವರ ಊಟದ ಕಾರ್ಡಿಗೇ ಜಮಾ ಮಾಡಿದರೆ, ಎದುರಿಗೆ ನಿಂತ ಕ್ಯಾಂಟೀನಿನವರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ನೇರನುಡಿ

ಅರ್ಜಿಯ ವಿಷಯದಲ್ಲಿ ನೀವು ಹೇಳುತ್ತಿರುವುದರಲ್ಲಿ ಹುರುಳಿದೆ. ಆದರೆ ನನ್ನ ಮೂಲ ಆಕ್ಷೇಪ ಹಾಗೆಯೇ ಉಳಿದಿದೆ. ಕರೆ ಮಾಡುವವರು ಯಾರು? ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲವೂ ಇರುವ ಅಧ್ಯಾಪಕರ ಮೇಲೆ ಈ ಹೊರೆಯನ್ನೂ ಹೇರುತ್ತೀರಾ? ಬಾಡಿಗೆಯ ವ್ಯಾಜ್ಯ, ಮಾನಸಿಕ ಕುಸಿತ, ಮನೆಯ ಹಿಂಸೆ, ಇವನ್ನು ನಿಭಾಯಿಸುವ ತರಬೇತಿ ಅವರಿಗೆಲ್ಲಿದೆ? ಒಳ್ಳೆಯ ಮನಸ್ಸಿನಿಂದ ಕೊಟ್ಟ ತಪ್ಪು ಸಲಹೆ ಅಪಾಯಕಾರಿಯಾಗಬಹುದು.

ಗ್ರಂಥಪಾಲಕ

ಇದು ನ್ಯಾಯವಾದ ಪ್ರಶ್ನೆ. ಅಧ್ಯಾಪಕರು ಪರಿಹಾರ ಕೊಡಬೇಕಿಲ್ಲ, ಪರಿಹಾರ ಕೊಡುವವರ ಹೆಸರು ಗೊತ್ತಿದ್ದರೆ ಸಾಕು. ಅದಕ್ಕೆಂದೇ ಒಬ್ಬರು ಇರಬೇಕು. ಕ್ಯಾಲಿಫೋರ್ನಿಯಾ ರಾಜ್ಯ 2021ರ ಕಾನೂನಿನ ಮೂಲಕ ತನ್ನ ಸಮುದಾಯ ಕಾಲೇಜುಗಳೆಲ್ಲ (ಹೆಚ್ಚಾಗಿ ಎರಡು ವರ್ಷದ ಓದಿನ ಸಾರ್ವಜನಿಕ ಕಾಲೇಜುಗಳು) ಮೂಲಭೂತ ಅಗತ್ಯಗಳ ಕೇಂದ್ರವೊಂದನ್ನು ತೆರೆದು ಅದಕ್ಕೊಬ್ಬ ಸಂಯೋಜಕರನ್ನು ನೇಮಿಸಬೇಕೆಂದು ವಿಧಿಸಿತು. ಊಟಕ್ಕೆ ಒಂದು ಕಿಟಕಿ, ವಸತಿಗೆ ಇನ್ನೊಂದು ಕಟ್ಟಡ, ವಿದ್ಯಾರ್ಥಿವೇತನಕ್ಕೆ ಮತ್ತೊಂದು ಮಹಡಿ ಎಂದು ಅಲೆಸಿದರೆ ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರು ಕೈಬಿಡುತ್ತಾರೆ. ಕಥೆಯನ್ನು ಒಂದೇ ಸಲ, ಒಬ್ಬರ ಮುಂದೆ ಮಾತ್ರ ಹೇಳುವಂತಿರಬೇಕು.

ಟೆಕ್ಸಸ್‌ನ ಅಮರಿಲ್ಲೊ ಕಾಲೇಜಿನಲ್ಲಿ ಓದು ಕೈಗೂಡದಿರಲು ಏನು ಅಡ್ಡಿ ಎಂದು ವಿದ್ಯಾರ್ಥಿಗಳನ್ನೇ ಕೇಳಿದಾಗ, ಮುಂಚೂಣಿಯಲ್ಲಿ ಬಂದ ಉತ್ತರಗಳು ಆಹಾರ, ವಸತಿ, ಸಾರಿಗೆ, ಶಿಶುಪಾಲನೆಯಂಥವು, ಪಠ್ಯದ ಕಠಿಣತೆಯಲ್ಲ. ಆಮೇಲೆ ಅವರು ಈ ಎಲ್ಲದಕ್ಕೂ ಸಮಾಜಸೇವಾ ತರಬೇತಿ ಪಡೆದವರಿರುವ ಒಂದು ಕೇಂದ್ರವನ್ನು ತೆರೆದರು. ನೇರನುಡಿಯವರೇ, ಪಾಠ ಹೇಳುವುದೇ ಕಾಲೇಜಿನ ಕೆಲಸ ಎಂದಾದರೆ, ಆ ಪಾಠ ತಲೆಗೆ ಹತ್ತದಂತೆ ತಡೆಯುವುದನ್ನು ತೆಗೆಯುವುದೂ ಅದೇ ಕೆಲಸದ ಭಾಗ.

ಸಂಜೆ ತರಗತಿ

ಹೆಚ್ಚು ದುಡಿದರೆ ಆಯಿತಲ್ಲ ಎನ್ನುವವರಿಗೂ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಆಹಾರ ನೆರವಿನ ನಿಯಮವೇ ಇದಕ್ಕೆ ನಿದರ್ಶನ. ಅಲ್ಲಿ ಅರ್ಧಾವಧಿಗಿಂತ ಕಡಿಮೆಯಿಲ್ಲದಂತೆ ಓದುತ್ತಿರುವ ವಿದ್ಯಾರ್ಥಿ ಬೇರೆ ವಿನಾಯಿತಿಗಳಿಗೆ ಒಳಪಡದಿದ್ದರೆ ವಾರಕ್ಕೆ 20 ಗಂಟೆ ದುಡಿಯಬೇಕು, ಆಗ ಮಾತ್ರ ನೆರವಿಗೆ ಅರ್ಹ. ವಾರಕ್ಕೆ ಇಪ್ಪತ್ತು ಗಂಟೆ ದುಡಿದು ಪೂರ್ತಿ ಓದುವವರ ನಿದ್ದೆಯ ಲೆಕ್ಕವನ್ನು ಯಾರಾದರೂ ಮಾಡಿದ್ದಾರೆಯೇ? ನಾನು ಅಷ್ಟು ದುಡಿಯುತ್ತೇನೆ. ಪರೀಕ್ಷೆಯ ವಾರದಲ್ಲಿ ಪಾಳಿ ಬಿಟ್ಟರೆ ಆ ತಿಂಗಳ ಬಾಡಿಗೆಗೆ ಸಂಚಕಾರ, ಬಿಡದಿದ್ದರೆ ಪರೀಕ್ಷೆಗೆ.

ಹಳೆಯ ವಿದ್ಯಾರ್ಥಿ

ಉಪನ್ಯಾಸಕಿಯವರು ನಾಳೆಯೇ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ಅವಧಿಯ ಮೊದಲ ದಿನ ಹಂಚುವ ಪಠ್ಯಕ್ರಮದ ಹಾಳೆಯಲ್ಲಿ ಎರಡು ಸಾಲು ಸೇರಿಸಿ: ಊಟಕ್ಕೋ ಇರುವ ಜಾಗಕ್ಕೋ ತೊಂದರೆಯಿದ್ದರೆ ಇಂಥವರನ್ನು ಇಂಥ ಜಾಗದಲ್ಲಿ ಕಾಣಬಹುದು, ಹೇಳಲು ಮನಸ್ಸಿದ್ದರೆ ನನಗೂ ಹೇಳಬಹುದು ಎಂದು. ಕಾಲೇಜು ವಿದ್ಯಾರ್ಥಿಗಳ ಬಡತನವನ್ನು ಬಹುಕಾಲ ಅಧ್ಯಯನ ಮಾಡಿರುವ ಸಾರಾ ಗೋಲ್ಡ್ರಿಕ್-ರಾಬ್ 2017ರಲ್ಲಿ ಇಂಥ ಹೇಳಿಕೆಯನ್ನು ಪಠ್ಯಕ್ರಮಕ್ಕೆ ಸೇರಿಸುವಂತೆ ಅಧ್ಯಾಪಕರಿಗೆ ಸೂಚಿಸಿದ್ದರು. ಎಲ್ಲರ ಕೈಗೂ ಒಂದೇ ಹಾಳೆ ಬರುವುದರಿಂದ ಯಾರ ಕಡೆಗೂ ಬೊಟ್ಟು ಮಾಡಿದಂತಾಗುವುದಿಲ್ಲ. ನನ್ನ ಕಾಲದಲ್ಲಿ ಯಾರಾದರೊಬ್ಬರು ಅದನ್ನು ಬರೆದಿದ್ದರೆ ನಾನು ಆ ಕಿಟಕಿಯಿಂದ ಹಿಂದಿರುಗಿದ ಮೇಲೆ ಇನ್ನೊಂದು ಕಡೆ ಹೋಗಿ ಕೇಳುತ್ತಿದ್ದೆ.

ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದಗಳು. ಆಡಳಿತದವರ ಮುಂದೆ ಇಡಬೇಕಾದದ್ದು ಈಗ ನನಗೆ ಸ್ಪಷ್ಟವಾಗಿದೆ. ನಿಧಿಯನ್ನು ಬೇರೆಡೆ ತಿರುಗಿಸುವ ಮೊದಲು ಹೆಸರಿಲ್ಲದ ಸಮೀಕ್ಷೆಯೊಂದಕ್ಕೆ ಅನುಮತಿ ಕೇಳುತ್ತೇನೆ. ಅರ್ಜಿಯನ್ನು ಒಂದು ಪುಟಕ್ಕೆ ಇಳಿಸಿ, ಸಣ್ಣ ಮೊತ್ತಕ್ಕೆ ಸಹಿಯನ್ನೂ ಆದಾಯದ ದಾಖಲೆಯನ್ನೂ ಕೈಬಿಡಬೇಕೆಂದು ಬರೆಯುತ್ತೇನೆ. ಶುಲ್ಕದ ಕಂತು ತಪ್ಪಿದವರಿಗೆ ಎಚ್ಚರಿಕೆಯ ಪತ್ರ ಹೋಗುವ ಮುನ್ನ ಕರೆ ಹೋಗಲಿ ಎಂಬುದನ್ನು ಲೆಕ್ಕಪತ್ರ ವಿಭಾಗದವರೊಡನೆ ಮಾತಾಡಿ ನೋಡುತ್ತೇನೆ. ಪಠ್ಯಕ್ರಮದ ಸಾಲುಗಳನ್ನು ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ, ಇವತ್ತೇ ಸೇರಿಸುತ್ತೇನೆ. ಸಂಯೋಜಕರ ಹುದ್ದೆಗೆ ಹಣ ಸಿಗುವುದು ಸುಲಭವಲ್ಲ, ಆದರೆ ವಾರದಲ್ಲಿ ಎರಡು ಸಂಜೆಯಾದರೂ ತರಬೇತಾದ ಒಬ್ಬರು ಕೂರುವಂತೆ ಕೇಳಬಹುದು.

ರಜೆಯ ಬಗ್ಗೆ ಯಾರೂ ಬರೆಯಲಿಲ್ಲ. ವಿದ್ಯಾರ್ಥಿನಿಲಯ ಮುಚ್ಚಿದಾಗ ಹೋಗಲು ಮನೆಯಿಲ್ಲದವರು ಏನು ಮಾಡುತ್ತಾರೆ?

ಕಪಾಟು

ರಜೆಯೇ ಅತ್ಯಂತ ಕೆಟ್ಟ ಕಾಲ. ನಿಲಯ, ಕ್ಯಾಂಟೀನು, ಗ್ರಂಥಾಲಯ ಮೂರೂ ಒಟ್ಟಿಗೆ ಮುಚ್ಚುತ್ತವೆ. ನಿಲಯ ಖಾಲಿ ಮಾಡುವ ಸೂಚನೆಯ ಜತೆಗೆ “ಉಳಿದುಕೊಳ್ಳಬೇಕಾದವರು ತಿಳಿಸಿ” ಎಂಬ ಚೀಟಿಯನ್ನೂ ಮೂರು ವಾರ ಮೊದಲೇ ಕಳಿಸಿ, ಕಾರಣ ಕೇಳಬೇಡಿ. ಉಳಿಯುವವರನ್ನೆಲ್ಲ ಒಂದೇ ಮಹಡಿಗೆ ತಂದರೆ ಕಾವಲು, ನೀರು, ದೀಪದ ಖರ್ಚು ಕಡಿಮೆಯಾಗುತ್ತದೆ. ಭಂಡಾರದ ಕೀಲಿಯನ್ನು ಊರಿಗೆ ಹೋಗದ ಸಿಬ್ಬಂದಿಯೊಬ್ಬರ ಬಳಿ ಬಿಟ್ಟು, ಅವರ ದೂರವಾಣಿ ಸಂಖ್ಯೆಯನ್ನು ಬಾಗಿಲ ಮೇಲೆ ಅಂಟಿಸಿ.

ನೇರನುಡಿ

ಸಮೀಕ್ಷೆಯ ಫಲಿತಾಂಶ ಬಂದಾಗ ಇಲ್ಲಿ ಹಾಕಿ. ಸಂಖ್ಯೆ ದೊಡ್ಡದಿದ್ದರೆ ಅದನ್ನು ಕಾಲೇಜಿನೊಳಗೇ ಇಟ್ಟುಕೊಳ್ಳದೆ ಸರ್ಕಾರಕ್ಕೂ ಕಳಿಸಬೇಕು, ಹೊಣೆ ಅವರದ್ದೂ ಹೌದು ಎಂಬ ನನ್ನ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ.